ಅಂಗೈಯಗಲದ ಗಣಕಯಂತ್ರಕ್ಕೆ ಲಿನಕ್ಸ್ ಅಳವಡಿಸುವ ಬಗೆ

ಹಳೆಯ ವಿದ್ಯಾರ್ಥಿಗಳು ತಾವು ಓದಿದ ಶಾಲೆಗೆ ಏನಾದರೊಂದು ಕಾಣಿಕೆಯನ್ನು ಒಪ್ಪಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಸಂಪ್ರದಾಯ. ಗೋಡೆಗಡಿಯಾರ, ಕಬ್ಬಿಣದ ಬೀರು, ಕುಡಿಯುವ ನೀರಿನ ತೊಟ್ಟಿ ಮೊದಲಾದವುಗಳ ಮೇಲೆ ದಾನಿಗಳ ಹೆಸರನ್ನು ಬರೆಸಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇಂತಹ ವಸ್ತುಗಳಲ್ಲಿ ಒಂದು ಅನುಕೂಲವುಂಟು. ಬೀರುವನ್ನು ತಂದಿಟ್ಟ ದಿನದಿಂದಲೇ ಅದರಲ್ಲಿ ಪುಸ್ತಕ ಜೋಡಿಸಬಹುದು. ಗಣಕಯಂತ್ರದ ವಿಷಯ ಹಾಗಿಲ್ಲ. ಅದರೊಳಗೆ ಕಾರ್ಯಾಚರಣ ವ್ಯವಸ್ಥೆಯೊಂದು ನೆಲೆಗೊಳ್ಳುವ ತನಕ ಅದರಿಂದ ಯಾವ ಕೆಲಸವೂ ಆಗದು. ಅದರಲ್ಲಿಯೂ ಈಚಿನ ವರ್ಷಗಳಲ್ಲಿ ಶಾಲೆಗಳಿಗೆ ಬರುತ್ತಿರುವ, ಅಂಚೆಕಾರ್ಡಿನ ಅರ್ಧಕ್ಕಿಂತಲೂ ಚಿಕ್ಕದಾದ, ಪೆಟ್ಟಿಗೆಯೂ ಇಲ್ಲದ ಬರಿಯ ಬೋರ್ಡಿನ ರೂಪದ ಗಣಕಗಳಿಗೆ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸುವಾಗ ಅನುಭವಸ್ಥರೂ ಎಡವುತ್ತಾರೆ. ಹಾಗೆ ಎಡವಲು ಕಾರಣವೇನು, ಎಡವದಂತೆ ಮಾಡುವುದು ಹೇಗೆ ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ೨೦೧೬ರಲ್ಲಿ, ನಾನು ವಿಜ್ಞಾನ ಬೋಧಿಸುತ್ತಿದ್ದ ಪ್ರೌಢಶಾಲೆಗೆ ದಾನಿಗಳೊಬ್ಬರು ಇಂತಹ ಐದು ಬೋರ್ಡುಗಳನ್ನು ಕಳುಹಿಸಿಕೊಟ್ಟರು. ನಮ್ಮಲ್ಲಿ ಅದಾಗಲೇ ರಾಸ್ಪ್‌ಬೆರಿ ಪೈ ಎಂಬ ಒಂದು ಬೋರ್ಡು ಇದ್ದು ಚೆನ್ನಾಗಿ ನಡೆಯುತ್ತಿತ್ತು. ಹೊಸದಾಗಿ ಬಂದವು ಬೇರೆ ತಯಾರಕರವು. ಬೆಲೆಯಲ್ಲಿ ಪೈಗಿಂತ ಅಗ್ಗವಾದವು. ಅದರಲ್ಲಿಯೂ ಆರ್ಮ್ ಪ್ರೊಸೆಸರು, ಇದರಲ್ಲಿಯೂ ಆರ್ಮ್. ಅದರಲ್ಲಿ ನಡೆಯುವುದೂ ಲಿನಕ್ಸ್, ಇದರಲ್ಲಿ ನಡೆಯಬೇಕಾದದ್ದೂ ಲಿನಕ್ಸ್ ಎಂದು ತರ್ಕಿಸಿ, ಪೈಯೊಳಗಿನ ಮೆಮೊರಿ ಕಾರ್ಡನ್ನು ತೆಗೆದು ಹೊಸ ಬೋರ್ಡಿಗೆ ಸಿಕ್ಕಿಸಿ ವಿದ್ಯುತ್ತು ಕೊಟ್ಟೆ. ಮಕ್ಕಳು ಸುತ್ತಲೂ ಕಾತರದಿಂದ ನಿಂತಿದ್ದರು. ಪರದೆ ಕಪ್ಪಾಗಿಯೇ ಉಳಿಯಿತು. ಒಂದಾದ ಮೇಲೊಂದರಂತೆ ಐದನ್ನೂ ಪರೀಕ್ಷಿಸಿ, ಐದೂ ಕೆಟ್ಟಿವೆಯೆಂದು ತೀರ್ಮಾನಿಸಿ, ದಾನಿಗಳಿಗೆ ಹಾಗೆಂದು ಪತ್ರವನ್ನೂ ಬರೆದುಬಿಟ್ಟೆ. ಬೋರ್ಡುಗಳಲ್ಲಿ ಯಾವ ದೋಷವೂ ಇರಲಿಲ್ಲ. ಆ ಪತ್ರವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನನ್ನ ತರ್ಕ ಎಲ್ಲಿ ತಪ್ಪಿತ್ತೆಂಬುದನ್ನು ತಿಳಿಯಬೇಕಾದರೆ ಆರ್ಮ್ ಎಂಬುದರ ಹುಟ್ಟಿನಿಂದಲೇ ಆರಂಭಿಸಬೇಕು.

ಆರ್ಮ್ ಎಂಬುದು ಒಂದು ವರ್ಗದ ಪ್ರೊಸೆಸರುಗಳ ಹೆಸರು. ಪ್ರೊಸೆಸರು ಎಂದರೆ ಗಣಕದಲ್ಲಿ ಆಜ್ಞೆಗಳನ್ನು ಓದಿ ನಡೆಸುವ ಅಂಗ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಎಂಬ ಕಂಪನಿಯು ೧೯೮೧ರಲ್ಲಿ ಬಿ.ಬಿ.ಸಿ. ಮೈಕ್ರೋ ಎಂಬ ಗಣಕವನ್ನು ಹೊರತಂದಿತ್ತು. ನಮ್ಮ ಹಿರಿಯ ಉಪಾಧ್ಯಾಯರಲ್ಲಿ ಕೆಲವರಿಗೆ ಈ ಹೆಸರು ನೆನಪಿದ್ದರೂ ಇರಬಹುದು. ಭಾರತ ಸರ್ಕಾರವು ೧೯೮೪-೮೫ರಲ್ಲಿ ‘ಕ್ಲಾಸ್’ ಎಂಬ ಶಾಲಾ ಗಣಕ ಶಿಕ್ಷಣ ಯೋಜನೆಯನ್ನು ಆರಂಭಿಸಿದಾಗ ಆಯ್ದ ಶಾಲೆಗಳಿಗೆ ಹಂಚಿದ್ದು ಈ ಯಂತ್ರವನ್ನೇ. ಇದರ ಮುಂದಿನ ಯಂತ್ರಕ್ಕೆ ತಕ್ಕ ಪ್ರೊಸೆಸರು ಪೇಟೆಯಲ್ಲಿ ಕಾಣದೆ, ತಾವೇ ಒಂದನ್ನು ರಚಿಸಲು ೧೯೮೩ರಲ್ಲಿ ಏಕಾರ್ನಿನವರು ಕೈಹಾಕಿದರು. ಸೋಫಿ ವಿಲ್ಸನ್ ಅದರ ಆಜ್ಞೆಗಳ ಪಟ್ಟಿಯನ್ನು ರೂಪಿಸಿದರು; ಸ್ಟೀವ್ ಫರ್ಬರ್ ಅದರ ಒಳರಚನೆಯನ್ನು ಕಲ್ಪಿಸಿದರು. ಚಿಪ್ಪಿನ ಮಾದರಿಯನ್ನು ಮೊದಲು ಪರೀಕ್ಷಿಸಿ ನೋಡಿದ್ದು ಬೇಸಿಕ್ ಭಾಷೆಯಲ್ಲಿ, ಅದೇ ಬಿ.ಬಿ.ಸಿ. ಮೈಕ್ರೋ ಯಂತ್ರದ ಮೇಲೆ. ೧೯೮೫ರ ಏಪ್ರಿಲ್ ೨೬ರಂದು ಮೊದಲ ಚಿಪ್ಪು ಕೈಸೇರಿ, ಮೊದಲ ಯತ್ನದಲ್ಲಿಯೇ ಕೆಲಸಮಾಡಿತು. ಅದು ಎಷ್ಟು ವಿದ್ಯುತ್ತನ್ನು ಬಳಸುತ್ತದೆಂದು ಅಳೆಯಹೋದಾಗ ಮಾಪಕವು ಸೊನ್ನೆಯನ್ನು ತೋರಿಸಿತಂತೆ. ವಿಚಾರಿಸಿ ನೋಡಿದರೆ, ಚಿಪ್ಪಿಗೆ ವಿದ್ಯುತ್ತಿನ ತಂತಿಯೇ ಕೂಡಿರಲಿಲ್ಲ. ಸಂಕೇತಗಳನ್ನು ಸಾಗಿಸುವ ತಂತಿಗಳಿಂದ ಒಸರಿದ ಅಲ್ಪಸ್ವಲ್ಪ ವಿದ್ಯುತ್ತಿನಲ್ಲಿಯೇ ಅದು ನಡೆಯುತ್ತಿತ್ತು. ಮುಂದೆ ಜೇಬಿನೊಳಗಿನ ದೂರವಾಣಿಗಳಿಗೆಲ್ಲ ಆರ್ಮ್ ಏಕೆ ಒಗ್ಗಿತೆಂಬುದಕ್ಕೆ ಈ ಪ್ರಸಂಗವೊಂದೇ ಸಾಕು.

೧೯೯೦ರಲ್ಲಿ ಏಕಾರ್ನ್, ಆಪಲ್ ಮತ್ತು ವಿ.ಎಲ್.ಎಸ್.ಐ. ಕಂಪನಿಗಳು ಕೂಡಿ ಆರ್ಮ್ ಎಂಬ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿದವು. ಈ ಸಂಸ್ಥೆ ಹಿಡಿದ ದಾರಿ ವಿಶಿಷ್ಟವಾದದ್ದು. ತಾನು ಚಿಪ್ಪುಗಳನ್ನು ತಯಾರಿಸದೆ ಅವುಗಳ ನಕ್ಷೆಯನ್ನು ಪರವಾನಗಿಯ ಮೇಲೆ ಇತರರಿಗೆ ಕೊಡುವುದನ್ನೇ ಅದು ತನ್ನ ವ್ಯಾಪಾರವಾಗಿ ಕಟ್ಟಿಕೊಂಡಿತು. ನಕ್ಷೆಯನ್ನು ಕೊಂಡ ಪ್ರತಿಯೊಬ್ಬ ತಯಾರಕನೂ ನಡುವೆ ಆರ್ಮ್ ಪ್ರೊಸೆಸರನ್ನಿಟ್ಟು, ಅದರ ಸುತ್ತಲೂ ಪರದೆಯ ನಿಯಂತ್ರಕ, ಜಾಲಸಂಪರ್ಕ, ಕಾರ್ಡು ಓದುವ ಅಂಗ, ಗಡಿಯಾರದ ಮಿಡಿತಗಳು, ಇವನ್ನೆಲ್ಲ ತನಗೆ ತೋಚಿದಂತೆ ತೋಚಿದ ಸ್ಥಳದಲ್ಲಿ ಕೂರಿಸಿದನು. ಹೀಗಾಗಿ ಆರ್ಮ್ ಚಿಪ್ಪುಗಳೆಂದು ಕರೆಯಿಸಿಕೊಳ್ಳುವ ನೂರಾರು ಚಿಪ್ಪುಗಳಲ್ಲಿ ನಡುಮನೆ ಒಂದೇ ಬಗೆಯದು. ಅಡುಗೆಮನೆ, ಬಚ್ಚಲು, ಹಿತ್ತಿಲುಗಳು ಒಂದರಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ‘ಅದೂ ಆರ್ಮ್, ಇದೂ ಆರ್ಮ್’ ಎಂಬ ನನ್ನ ತರ್ಕ ಮುರಿದುಬಿದ್ದದ್ದು ಇಲ್ಲಿಯೇ.

ಆದರೆ ಓದುಗರು ಕೇಳಬಹುದು: ಕಚೇರಿಯ ಮೇಜಿನ ಮೇಲಿನ ಪಿ.ಸಿ.ಗಳೂ ನಾನಾ ಕಂಪನಿಗಳವಲ್ಲವೇ, ಅಲ್ಲಿ ಒಂದೇ ಲಿನಕ್ಸ್ ತಟ್ಟೆ ಎಲ್ಲ ಯಂತ್ರಗಳಲ್ಲಿಯೂ ನಡೆಯುವುದಲ್ಲವೇ? ನಡೆಯುತ್ತದೆ. ಪಿ.ಸಿ.ಯೊಳಗೆ ಕಾಯಂ ನೆಲೆಸಿರುವ ಒಂದು ಕಿರುತಂತ್ರಾಂಶವು ಯಂತ್ರದ ವಿವರಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಸಿದ್ಧವಾಗಿಟ್ಟಿರುತ್ತದೆ. ಅಲ್ಲದೆ ಅದರ ಬಹುತೇಕ ಅಂಗಗಳು ‘ನೀನಾರು?’ ಎಂದು ಪ್ರಶ್ನಿಸಿದರೆ ತಮ್ಮ ತಯಾರಕನ ಸಂಖ್ಯೆಯನ್ನೂ ತಮ್ಮ ಜಾತಿಯ ಸಂಖ್ಯೆಯನ್ನೂ ಹೇಳಬಲ್ಲವು. ಆರ್ಮ್ ಬೋರ್ಡಿನಲ್ಲಿ ಅಂತಹ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಅಂಗಗಳು ಸ್ಮೃತಿಯ ಗೊತ್ತಾದ ವಿಳಾಸಗಳಲ್ಲಿ ಮೌನವಾಗಿ ಕುಳಿತಿರುತ್ತವೆ. ವಿಳಾಸ ತಪ್ಪಿ ಬಾಗಿಲು ತಟ್ಟಿದರೆ ಉತ್ತರ ಬಾರದಿರುವುದಷ್ಟೇ ಅಲ್ಲದೆ ಎಷ್ಟೋ ವೇಳೆ ಇಡೀ ಯಂತ್ರವೇ ಸ್ತಬ್ಧವಾಗಿಬಿಡುತ್ತದೆ.

ಇದನ್ನು ನಮ್ಮ ಕಂದಾಯ ದಫ್ತರದ ಮಾತಿನಲ್ಲಿ ಹೇಳುವುದಾದರೆ, ಹೊಸದಾಗಿ ಒಂದೂರಿಗೆ ಬಂದ ಗ್ರಾಮಲೆಕ್ಕಿಗರನ್ನು ಊಹಿಸಿಕೊಳ್ಳಬಹುದು. ಊರ ಸುತ್ತ ಹೊಲಗಳಿವೆ, ಮಾತನಾಡಿಸಲು ಒಬ್ಬರೂ ಸಿಗುವುದಿಲ್ಲ. ಕೈಯಲ್ಲಿ ಪಹಣಿ ಪತ್ರಿಕೆ ಇದ್ದರೆ, ಇಂತಹ ಸರ್ವೆ ನಂಬರು, ಇಷ್ಟು ವಿಸ್ತೀರ್ಣ ಎಂದು ತಿಳಿದು ಕೆಲಸ ಸಾಗುತ್ತದೆ. ಆರ್ಮ್ ಬೋರ್ಡಿನ ಪಹಣಿಗೆ ‘ಡಿವೈಸ್ ಟ್ರೀ’ ಎಂದು ಹೆಸರು. ನಾವು ಇದನ್ನು ಸಾಧನವೃಕ್ಷವೆಂದು ಕರೆಯೋಣ. ಯಾವ ಅಂಗ ಯಾವ ವಿಳಾಸದಲ್ಲಿದೆ, ಎಷ್ಟು ಜಾಗವನ್ನು ಆಕ್ರಮಿಸಿದೆ, ಯಾವ ತಂತಿಯ ಮೂಲಕ ಪ್ರೊಸೆಸರನ್ನು ಕರೆಯುತ್ತದೆ, ಅದಕ್ಕೆ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂಬುದನ್ನೆಲ್ಲ ಮನುಷ್ಯರು ಓದಬಲ್ಲ ಪಠ್ಯವಾಗಿ ಬರೆದು, ಯಂತ್ರ ಓದಬಲ್ಲ ಕಿರುಕಡತವಾಗಿ ಪರಿವರ್ತಿಸಿ ಕಾರ್ಡಿನಲ್ಲಿ ಇಡುತ್ತಾರೆ. ಪೈಯ ಕಾರ್ಡಿನಲ್ಲಿ ಪೈಯ ಪಹಣಿ ಇತ್ತು. ಅದನ್ನು ಹಿಡಿದು ನಾನು ಬೇರೊಂದು ಊರಿನ ಹೊಲವನ್ನು ಅಳೆಯಹೊರಟಿದ್ದೆ. ನಿಜ ಹೇಳಬೇಕೆಂದರೆ ನನ್ನ ಪ್ರಯತ್ನ ಅಲ್ಲಿಯವರೆಗೂ ಹೋಗಿರಲಿಲ್ಲ. ಅದಕ್ಕೂ ಮುಂಚಿನ ಮೆಟ್ಟಿಲಲ್ಲಿಯೇ ಮುಗ್ಗರಿಸಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಈ ವೃಕ್ಷದ ಪದ್ಧತಿ ಆರ್ಮ್ ಲೋಕಕ್ಕೆ ಬಂದದ್ದು ಒಂದು ಜಗಳದ ತರುವಾಯ. ಲಿನಕ್ಸಿನ ಕರ್ನೆಲ್, ಅಂದರೆ ಯಂತ್ರಾಂಶವನ್ನು ನೇರವಾಗಿ ಆಳುವ ತಿರುಳಿನ ಭಾಗ, ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ್ದು. ಮೊದಮೊದಲು ಪ್ರತಿಯೊಂದು ಆರ್ಮ್ ಬೋರ್ಡಿನ ವಿವರವನ್ನೂ ಕರ್ನೆಲ್ಲಿನ ಒಳಗೇ ಪ್ರತ್ಯೇಕ ಕ್ರಮವಿಧಿಯಾಗಿ ಬರೆಯುತ್ತಿದ್ದರು. ಬೋರ್ಡುಗಳು ಹೆಚ್ಚಿದಂತೆ ಒಬ್ಬರು ತಿದ್ದಿದ್ದು ಇನ್ನೊಬ್ಬರಿಗೆ ಅಡ್ಡಬಂದು, ೨೦೧೧ರ ಮಾರ್ಚಿಯಲ್ಲಿ ಟೋರ್ವಾಲ್ಡ್ಸ್ ತಮ್ಮ ಅಸಹನೆಯನ್ನು, ಈ ಸಂಚಿಕೆಯಲ್ಲಿ ಅಚ್ಚುಮಾಡಲಾಗದ ಮಾತುಗಳಲ್ಲಿ, ಬಹಿರಂಗವಾಗಿಯೇ ತೋಡಿಕೊಂಡರು. ಪವರ್ ಪಿ.ಸಿ. ವರ್ಗದ ಯಂತ್ರಗಳಲ್ಲಿ ಅದಾಗಲೇ ರೂಢಿಯಲ್ಲಿದ್ದ ಸಾಧನವೃಕ್ಷವನ್ನು ಅನಂತರ ಆರ್ಮ್ ಬೋರ್ಡುಗಳಿಗೂ ವ್ಯಾಪಕವಾಗಿ ಅನ್ವಯಿಸಲಾಯಿತು. ೨೦೧೨ರ ಡಿಸೆಂಬರಿನಲ್ಲಿ ಹೊರಬಂದ ೩.೭ ಆವೃತ್ತಿಯಿಂದ ಒಂದೇ ಕರ್ನೆಲ್ ಹಲವು ತಯಾರಕರ ಆರ್ಮ್ ಚಿಪ್ಪುಗಳ ಮೇಲೆ ನಡೆಯುವುದು ಸಾಧ್ಯವಾಯಿತು. ಪಹಣಿ ಮಾತ್ರ ಆಯಾ ಊರಿನದಾಗಿರಬೇಕು.

ಇನ್ನು ‘ವಿತರಣೆ’ ಎಂಬ ಮಾತು. ಕರ್ನೆಲ್ ಒಂದರಿಂದಲೇ ಶಾಲೆಯ ಕೆಲಸ ನಡೆಯದು. ಬರೆಯುವ, ಓದುವ, ಚಿತ್ರ ಬಿಡಿಸುವ ಸಾವಿರಾರು ತಂತ್ರಾಂಶಗಳನ್ನು ಕರ್ನೆಲ್ಲಿನೊಡನೆ ಹೊಂದಿಸಿ, ಕಟ್ಟುಕಟ್ಟಾಗಿ ಜೋಡಿಸಿ ಕೊಡುವ ಸಂಗ್ರಹಕ್ಕೆ ವಿತರಣೆಯೆಂದು ಹೆಸರು. ಅವುಗಳಲ್ಲಿ ೧೯೯೩ರಲ್ಲಿ ಆರಂಭವಾದ, ಸ್ವಯಂಸೇವಕರೇ ನಡೆಸಿಕೊಂಡು ಬಂದಿರುವ ಡೆಬಿಯನ್ ಹೆಸರಾದದ್ದು. ೨೦೧೨ರ ಫೆಬ್ರವರಿ ೨೯ರಂದು ರಾಸ್ಪ್‌ಬೆರಿ ಪೈ ಮಾರಾಟಕ್ಕೆ ಬಂದಾಗ ಡೆಬಿಯನ್ನಿಗೂ ಅದಕ್ಕೂ ಒಂದು ತೊಡಕು ಎದುರಾಯಿತು. ಈ ಪೈಯನ್ನು ರೂಪಿಸಿದ ಎಬೆನ್ ಅಪ್ಟನ್ ಮತ್ತು ಸಂಗಡಿಗರು ಕೇಂಬ್ರಿಜ್‌ನವರೇ. ಗಣಕಶಾಸ್ತ್ರ ಓದಲು ಬರುವ ಹುಡುಗರಿಗೆ ಯಂತ್ರದೊಡನೆ ಹಿಂದಿನಂತೆ ಒಡನಾಟವಿಲ್ಲವೆಂಬ ಕೊರಗಿನಿಂದ ಮೂವತ್ತೈದು ಡಾಲರಿನ ಈ ಬೋರ್ಡನ್ನು ಹೊರತಂದವರು. ಬೆಲೆಯನ್ನು ಇಳಿಸುವ ಸಲುವಾಗಿ ಅವರು ಆರ್ಮ್‌ನ ಆರನೆಯ ಪೀಳಿಗೆಯ ಪ್ರೊಸೆಸರನ್ನು ಆರಿಸಿಕೊಂಡಿದ್ದರು. ದಶಮಾಂಶ ಲೆಕ್ಕಗಳನ್ನು ಯಂತ್ರಾಂಶದಲ್ಲಿಯೇ ಬೇಗ ಮಾಡುವ ಅಂಗ ಅದರಲ್ಲಿತ್ತು. ಆದರೆ ಆ ಅಂಗವನ್ನು ಪೂರ್ಣವಾಗಿ ಬಳಸುವ ಡೆಬಿಯನ್ ಆವೃತ್ತಿ ಏಳನೆಯ ಪೀಳಿಗೆಯನ್ನು ಬೇಡುತ್ತಿತ್ತು. ಹಳೆಯ ಪೀಳಿಗೆಗೆ ಒಗ್ಗುವ ಆವೃತ್ತಿಯಾದರೋ ಆ ಅಂಗದ ಪೂರ್ಣಪ್ರಯೋಜನವನ್ನು ಪಡೆಯುತ್ತಿರಲಿಲ್ಲ. ಆಗ ಮೈಕ್ ಥಾಂಪ್ಸನ್ ಮತ್ತು ಪೀಟರ್ ಗ್ರೀನ್ ಎಂಬಿಬ್ಬರು ಮುಂದೆ ಬಂದು ಡೆಬಿಯನ್ನಿನ ಮೂವತ್ತೈದು ಸಾವಿರಕ್ಕೂ ಮಿಕ್ಕ ಕಟ್ಟುಗಳನ್ನು ಪೈಗೆ ಹೊಂದುವಂತೆ ಹೊಸದಾಗಿ ಸಂಕಲಿಸಿ, ಆ ವರ್ಷದ ಜೂನ್ ತಿಂಗಳಲ್ಲಿಯೇ ಮುಗಿಸಿದರು. ಅದೇ ರಾಸ್ಪಿಯನ್. ೨೦೨೦ರಲ್ಲಿ ಪೈಯ ಅಧಿಕೃತ ವ್ಯವಸ್ಥೆಗೆ ‘ರಾಸ್ಪ್‌ಬೆರಿ ಪೈ ಓ.ಎಸ್.’ ಎಂದು ನಾಮಾಂತರವಾಯಿತು. ಈ ಶ್ರಮದ ಫಲವಾಗಿ ೨೦೧೨ರ ಆ ಮೊದಲ ಪೈಯ ಮೇಲೆ ೨೦೨೩ರ ಆವೃತ್ತಿಯೂ, ನಿಧಾನವಾಗಿಯಾದರೂ, ನಡೆಯುತ್ತದೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ದಾನಿಗಳ ಮಾತು ಬಂದಾಗ ಇದಕ್ಕೆ ಮರಳಿ ಬರುತ್ತೇವೆ.

ಈಗ ಅಳವಡಿಸುವ ಕ್ರಮಕ್ಕೆ ಬರೋಣ. ಉದಾಹರಣೆಗೆ ೨೦೧೯ರಲ್ಲಿ ಬಂದ ಪೈ ೪ ಎಂಬ ಬೋರ್ಡನ್ನೇ ಇಟ್ಟುಕೊಳ್ಳಬಹುದು. ಬೋರ್ಡಿನ ಹೊರತು ಬೇಕಾಗುವ ಸಾಮಗ್ರಿಗಳಲ್ಲಿ ಎರಡರ ಬಗ್ಗೆ ಎಷ್ಟು ಎಚ್ಚರವಿದ್ದರೂ ಸಾಲದು. ಮೊದಲನೆಯದು ವಿದ್ಯುತ್ತು. ಇದಕ್ಕೆ ಐದು ವೋಲ್ಟಿನಲ್ಲಿ ಮೂರು ಆಂಪಿಯರು ಕೊಡಬಲ್ಲ ಅಡಾಪ್ಟರು ಬೇಕು. ಮನೆಯಲ್ಲಿ ಬಿದ್ದಿರುವ ಮೊಬೈಲ್ ಚಾರ್ಜರು ಮತ್ತು ತೆಳುವಾದ ತಂತಿಯಿಂದ ಕೆಲಸ ಸಾಗಿಸುವುದು ನಮ್ಮ ಸಹಜವಾದ ಮಿತವ್ಯಯ. ಭಾರ ಹೆಚ್ಚಿದೊಡನೆ ತಂತಿಯಲ್ಲಿಯೇ ಒತ್ತಡ ಕುಸಿದು, ಬೋರ್ಡು ತಲುಪುವಾಗ ೪.೬೩ ವೋಲ್ಟಿಗಿಂತ ಕೆಳಗಿಳಿಯಿತೆಂದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಮೂಡುತ್ತದೆ. ಪ್ರೊಸೆಸರು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಒಮ್ಮೊಮ್ಮೆ ಕಾರ್ಡಿನಲ್ಲಿ ಬರೆಯುತ್ತಿದ್ದದ್ದು ಅರ್ಧಕ್ಕೆ ನಿಂತು ಕೆಡುತ್ತದೆ. ತಂತ್ರಾಂಶದ ದೋಷವೆಂದು ನಾವು ವಾರಗಟ್ಟಲೆ ಹುಡುಕಿದ್ದು ಎಷ್ಟೋ ಸಲ ಈ ತಂತಿಯ ದೋಷವೇ ಆಗಿತ್ತು. ಎರಡನೆಯದು ಕಾರ್ಡು. ಅರವತ್ನಾಲ್ಕು ಗಿಗಾಬೈಟು ಎಂದು ಮುದ್ರಿಸಿ ಒಳಗೆ ಎಂಟೇ ಇರುವ ಖೋಟಾ ಕಾರ್ಡುಗಳು ಪೇಟೆಯಲ್ಲಿ ಸಿಗುತ್ತವೆ. ಎಂಟು ತುಂಬುವವರೆಗೆ ಅವು ಸರಿಯಾಗಿಯೇ ನಡೆದು, ಅನಂತರ ಬರೆದದ್ದನ್ನು ಸದ್ದಿಲ್ಲದೆ ನುಂಗುತ್ತವೆ. ಕಾರ್ಡನ್ನು ತುಂಬ ಬರೆದು ಮರಳಿ ಓದಿ ತಾಳೆನೋಡುವ ‘ಎಫ್ ೩’ ಎಂಬ ಉಚಿತ ತಂತ್ರಾಂಶ ಡೆಬಿಯನ್ನಿನಲ್ಲಿಯೇ ಇದೆ. ಹೊಸ ಕಾರ್ಡನ್ನು ಕೊಂಡ ದಿನವೇ ಅದರಿಂದ ಪರೀಕ್ಷಿಸುವುದು ಲೇಸು.

ಬೇರೊಂದು ಗಣಕದಲ್ಲಿ ವಿತರಣೆಯ ಇಮೇಜ್ ಕಡತವನ್ನು ಇಳಿಸಿಕೊಳ್ಳಬೇಕು. ಇಮೇಜ್ ಎಂದರೆ ಸಿದ್ಧಗೊಂಡ ಕಾರ್ಡೊಂದರ ಪಡಿಯಚ್ಚು. ಅದರ ಜೊತೆಯಲ್ಲಿ ಅರವತ್ನಾಲ್ಕು ಅಕ್ಷರ-ಅಂಕಿಗಳ ಒಂದು ಮುದ್ರೆಯನ್ನೂ ಪ್ರಕಟಿಸಿರುತ್ತಾರೆ. ನಾವು ಇಳಿಸಿಕೊಂಡ ಕಡತದಿಂದ ಅದೇ ಲೆಕ್ಕವನ್ನು ಮಾಡಿ ನೋಡಿದಾಗ ಮುದ್ರೆ ತಾಳೆಯಾದರೆ ಕಡತ ದಾರಿಯಲ್ಲಿ ಕೆಟ್ಟಿಲ್ಲವೆಂದು ತಿಳಿಯಬಹುದು. ಇಲ್ಲಿ ಹೊಸಬರು ಮಾಡುವ ತಪ್ಪೊಂದಿದೆ: ಹಾಡಿನ ಕಡತವನ್ನು ನಕಲು ಮಾಡುವಂತೆ ಇಮೇಜನ್ನೂ ಕಾರ್ಡಿಗೆ ನಕಲು ಮಾಡಿಬಿಡುವುದು. ಪಡಿಯಚ್ಚನ್ನು ಕಾರ್ಡಿನ ಮೊಟ್ಟಮೊದಲ ಬೈಟಿನಿಂದಲೇ ಒತ್ತಬೇಕು. ಕೆಲವು ಚಿಪ್ಪುಗಳು ವಿದ್ಯುತ್ತು ಬಂದೊಡನೆ ಕಾರ್ಡಿನ ಆರಂಭದಿಂದ ಎಂಟು ಕಿಲೋಬೈಟು ದೂರದ ಗೊತ್ತಾದ ಜಾಗವನ್ನೇ ನೋಡುತ್ತವೆ. ಯಾವ ಕಡತದ ಹೆಸರನ್ನೂ ಅವು ಅರಿಯವು. ಆ ಜಾಗದಲ್ಲಿ ತಮಗೆ ಅರ್ಥವಾಗುವ ಬೂಟ್‌ಲೋಡರ್, ಅಂದರೆ ಎಬ್ಬಿಸುವ ಕಿರುತಂತ್ರಾಂಶ, ಕಾಣದಿದ್ದರೆ ಮುಂದಕ್ಕೆ ಹೆಜ್ಜೆಯನ್ನೇ ಇಡುವುದಿಲ್ಲ. ನನ್ನ ಐದು ಬೋರ್ಡುಗಳು ಪೈಯ 카ರ್ಡನ್ನು ಕಂಡು ಸುಮ್ಮನಾದದ್ದು ಇದರಿಂದ. ಪೈಯವರು ೨೦೨೦ರಲ್ಲಿ ಹೊರತಂದ ‘ಇಮೇಜರ್’ ಎಂಬ ತಂತ್ರಾಂಶವು ಇಳಿಸುವುದು, ತಾಳೆನೋಡುವುದು, ಒತ್ತುವುದು ಈ ಮೂರನ್ನೂ ತಾನೇ ಮಾಡುತ್ತದೆ. ಬೋರ್ಡಿನ ಮಾದರಿ ಯಾವುದೆಂದು ಅದು ಮೊದಲೇ ಕೇಳುತ್ತದೆ; ಇಷ್ಟು ಓದಿದವರಿಗೆ ಅದರ ಕಾರಣ ಹೊಳೆದಿರಬೇಕು. ಕಾರ್ಡಿನ ಬದಲು ಗಣಕದ ಸ್ವಂತ ಡಿಸ್ಕನ್ನು ಆರಿಸಿಕೊಂಡರೆ ಆ ಗಣಕದಲ್ಲಿದ್ದುದೆಲ್ಲ ಅಳಿಸಿಹೋಗುವುದರಿಂದ, ಈ ಹೆಜ್ಜೆಯಲ್ಲಿ ಪಕ್ಕದಲ್ಲಿ ಇನ್ನೊಬ್ಬರು ನಿಂತು ನೋಡುವುದು ಒಳ್ಳೆಯದು.

ಬಳಕೆದಾರನ ಹೆಸರು ಮತ್ತು ಗುಪ್ತಪದವನ್ನು ಇಮೇಜರಿನಲ್ಲಿಯೇ ನಮೂದಿಸಿಬಿಡಬಹುದು. ಹಿಂದೆ ಎಲ್ಲ ಪೈಗಳಿಗೂ ಒಂದೇ ಹೆಸರು, ಒಂದೇ ಗುಪ್ತಪದವಿದ್ದು ಜಗತ್ತಿಗೆಲ್ಲ ತಿಳಿದಿತ್ತು. ೨೦೨೨ರ ಏಪ್ರಿಲಿನಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು. ಆ ವರ್ಷಕ್ಕಿಂತ ಹಿಂದಿನ ಪುಸ್ತಕವನ್ನು ನೋಡಿಕೊಂಡು ಮಾಡುವವರು ಒಳಹೋಗಲಾರದೆ ಕೂರುವುದುಂಟು.

ಕಾರ್ಡನ್ನು ಸಿಕ್ಕಿಸಿ ವಿದ್ಯುತ್ತು ಕೊಟ್ಟಾಗ ನಡೆಯುವುದು ಸ್ವಾರಸ್ಯವಾಗಿದೆ. ಪೈ ೪ರಲ್ಲಿ ಮೊದಲು ಎಚ್ಚರಗೊಳ್ಳುವುದು ಆರ್ಮ್ ಅಲ್ಲ, ಚಿತ್ರಗಳನ್ನು ಬಿಡಿಸುವ ನೆರೆಯ ಪ್ರೊಸೆಸರು. ಅದು ಬೋರ್ಡಿನ ಮೇಲಿನ ಕಿರುಸ್ಮೃತಿಯಲ್ಲಿರುವ ಬೂಟ್‌ಲೋಡರನ್ನು ಓದಿ, ಕಾರ್ಡಿನ ಮೊದಲ ವಿಭಾಗದಿಂದ ‘ಸ್ಟಾರ್ಟ್’ ಎಂಬ ಕಡತವನ್ನು ತಂದುಕೊಂಡು, ‘ಕಾನ್ಫಿಗ್’ ಎಂಬ ಪಠ್ಯದಲ್ಲಿ ನಾವು ಬರೆದಿಟ್ಟ ಅಪೇಕ್ಷೆಗಳನ್ನು ನೋಡಿ, ಸಾಧನವೃಕ್ಷವನ್ನೂ ಕರ್ನೆಲ್ಲನ್ನೂ ಸ್ಮೃತಿಯಲ್ಲಿ ಇರಿಸಿ, ಅನಂತರವೇ ಆರ್ಮ್ ಅನ್ನು ಎಬ್ಬಿಸುತ್ತದೆ. ಆರ್ಮ್ ಎದ್ದು, ಪಹಣಿಯನ್ನು ಓದಿ, ಒಂದೊಂದೇ ಅಂಗವನ್ನು ಮಾತನಾಡಿಸಿ, ಎರಡನೆಯ ವಿಭಾಗದಲ್ಲಿರುವ ವಿತರಣೆಯನ್ನು ತೆರೆಯುತ್ತದೆ. ಈ ಸರಪಣಿಯಲ್ಲಿ ಕೊಂಡಿ ಕಳಚಿದ ಸ್ಥಳವನ್ನು ಹಸಿರು ದೀಪ ಮಿಟುಕಿಸಿ ತಿಳಿಸುತ್ತದೆ: ನಾಲ್ಕು ಬಾರಿ ಮಿಟುಕಿದರೆ ಸ್ಟಾರ್ಟ್ ಕಡತ ಸಿಕ್ಕಿಲ್ಲ, ಏಳು ಬಾರಿ ಮಿಟುಕಿದರೆ ಕರ್ನೆಲ್ ಸಿಕ್ಕಿಲ್ಲ. ೨೦೨೩ರ ಪೈ ೫ರಲ್ಲಿ ಸ್ಟಾರ್ಟ್ ಕಡತದ ಕೆಲಸವನ್ನೂ ಬೋರ್ಡಿನ ಕಿರುಸ್ಮೃತಿಗೇ ವಹಿಸಿದ್ದಾರೆ.

ಪೈ ೪ರಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚಿದರೆ ಅದರ ಪಾಲಿಗೆ ಇನ್ನೂ ನಿನ್ನೆಯ ಸಂಜೆ. ಅಂತರಜಾಲವಿದ್ದರೆ ಸಮಯವನ್ನು ತಾನೇ ತಿದ್ದಿಕೊಳ್ಳುತ್ತದೆ. ಅಂತರಜಾಲ ಬಾರದ ಹಳ್ಳಿಯ ಶಾಲೆಯಲ್ಲಿ ತಿಂಗಳುಗಟ್ಟಲೆ ಹಿಂದುಳಿದುಬಿಟ್ಟು, ಮುಂದೊಮ್ಮೆ ತಂತ್ರಾಂಶಗಳನ್ನು ನವೀಕರಿಸಹೋದರೆ, ಭಂಡಾರದ ಪ್ರಮಾಣಪತ್ರ ಭವಿಷ್ಯತ್ತಿನದೆಂದು ತಿಳಿದು ನಿರಾಕರಿಸುತ್ತದೆ. ‘ಡಿ.ಎಸ್. ೩೨೩೧’ ಎಂಬ ಸಣ್ಣ ಗಡಿಯಾರದ ಚಿಪ್ಪನ್ನು ಜೋಡಿಸಿದರೆ ಈ ತೊಂದರೆ ತಪ್ಪುತ್ತದೆ.

ಎಲ್ಲವನ್ನೂ ಸರಿಯಾಗಿ ಮಾಡಿಯೂ ಪರದೆ ಕಪ್ಪಾಗಿದ್ದರೆ? ಆಗ ಸರಣಿ ತಂತಿಯೇ ಗತಿ. ಪೈಯ ಅಂಚಿನ ಕಡ್ಡಿಗಳ ಸಾಲಿನಲ್ಲಿ ಆರನೆಯದು ಭೂಮಿ, ಎಂಟನೆಯದು ಹೇಳುವುದು, ಹತ್ತನೆಯದು ಕೇಳುವುದು. ಒಂದು ಯು.ಎಸ್.ಬಿ. ಕೇಬಲಿನ ಮೂಲಕ ಇವನ್ನು ಬೇರೊಂದು ಗಣಕಕ್ಕೆ ಜೋಡಿಸಬೇಕು. ಒಂದರ ಬಾಯಿ ಇನ್ನೊಂದರ ಕಿವಿಗೆ ಬರುವಂತೆ ಅಡ್ಡಹಾಕಬೇಕು. ಕಾನ್ಫಿಗ್ ಪಠ್ಯದಲ್ಲಿ ಸರಣಿ ಸಂಪರ್ಕಕ್ಕೆ ಅನುಮತಿ ಕೊಟ್ಟು, ಸೆಕೆಂಡಿಗೆ ೧,೧೫,೨೦೦ ಬಿಟ್ಟುಗಳ ವೇಗದಲ್ಲಿ ಆಲಿಸಿದರೆ, ಕರ್ನೆಲ್ ತಾನು ಮಾಡುತ್ತಿರುವುದನ್ನೆಲ್ಲ ಸಾಲುಸಾಲಾಗಿ ಹೇಳುತ್ತಾ ಹೋಗುತ್ತದೆ. ಈ ಕಡ್ಡಿಗಳು ೩.೩ ವೋಲ್ಟನ್ನು ಮಾತ್ರ ತಾಳಬಲ್ಲವು. ಐದು ವೋಲ್ಟು ಕೊಟ್ಟರೆ ಸುಡುತ್ತವೆ.

ನನ್ನ ಐದು ಬೋರ್ಡುಗಳ ಕಥೆ ಬದಲಾದದ್ದು ಈ ತಂತಿಯಿಂದಲೇ. ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಬಂದವನು, ಬೀರುವಿನಲ್ಲಿ ಬಿದ್ದಿದ್ದ ಬೋರ್ಡುಗಳನ್ನು ಕಂಡು, ಅವುಗಳ ತಯಾರಕರದೇ ಇಮೇಜನ್ನು ಕಾರ್ಡಿಗೆ ಒತ್ತಿ, ಪರದೆ ಆಗಲೂ ಬೆಳಗದಿದ್ದಾಗ ಸರಣಿ ತಂತಿಯನ್ನು ಹಚ್ಚಿದ. ಅವನ ಗಣಕದಲ್ಲಿ ಅಕ್ಷರಗಳು ಹರಿಯತೊಡಗಿದವು. “ಸರ, ಇದು ಸತ್ತಿಲ್ಲರೀ, ಮಾತಾಡಾಕತ್ತೈತಿ ನೋಡ್ರಿ” ಎಂದ. ನಮ್ಮ ಹಳೆಯ ಮಾನಿಟರಿಗೆ ಒಗ್ಗದ ರೀತಿಯಲ್ಲಿ ಚಿತ್ರಸಂಕೇತ ಹೊರಡುತ್ತಿದ್ದುದರಿಂದ ಪರದೆ ಕಪ್ಪಾಗಿತ್ತು, ಅಷ್ಟೇ.

ಸಂತೋಷ ಬಹಳ ದಿನ ಉಳಿಯಲಿಲ್ಲ. ತಯಾರಕರು ಕೊಟ್ಟ ಆ ಇಮೇಜಿನಲ್ಲಿದ್ದ ಕರ್ನೆಲ್ ೩.೪, ಎಂದರೆ ೨೦೧೨ರದು. ಸಾಧನವೃಕ್ಷದ ಪದ್ಧತಿಯೂ ಅದರಲ್ಲಿರಲಿಲ್ಲ. ನಾಲ್ಕು ವರ್ಷ ಹಳೆಯದಾದ ತಿರುಳಿಗೆ ತಮ್ಮದೇ ತೇಪೆಗಳನ್ನು ಹಚ್ಚಿ ಮಾರಿಬಿಟ್ಟು ಅವರು ಮುಂದಿನ ಮಾದರಿಯ ಕಡೆಗೆ ಹೊರಟುಹೋಗಿದ್ದರು. ಭದ್ರತೆಯ ದೋಷಗಳನ್ನು ತಿದ್ದುವವರಿರಲಿಲ್ಲ. ಹೊಸ ತಂತ್ರಾಂಶಗಳು ಅದರ ಮೇಲೆ ಏರುತ್ತಿರಲಿಲ್ಲ. ಬೋರ್ಡುಗಳು ಮತ್ತೆ ಬೀರುವನ್ನು ಸೇರಿದವು. ಆದರೆ ಆ ಚಿಪ್ಪಿನ ಬೆನ್ನುಹತ್ತಿದ್ದ ಕೆಲವು ಸ್ವಯಂಸೇವಕರು ಯಾರ ಸಂಬಳವನ್ನೂ ನಿರೀಕ್ಷಿಸದೆ ಅದರ ಅಂಗಗಳನ್ನು ಒಂದೊಂದಾಗಿ ಅರಿತು, ಸಾಧನವೃಕ್ಷವನ್ನು ಬರೆದು, ಲಿನಕ್ಸಿನ ಮುಖ್ಯ ಭಂಡಾರಕ್ಕೆ ಒಪ್ಪಿಸುತ್ತಾ ಬಂದರು. ೨೦೧೮ರ ಹೊತ್ತಿಗೆ ಜಾಲಸಂಪರ್ಕದ ಅಂಗವೂ ಮುಖ್ಯ ಕರ್ನೆಲ್ಲಿನಲ್ಲಿಯೇ ಕೆಲಸಮಾಡತೊಡಗಿತು. ನಾನಾ ಆರ್ಮ್ ಬೋರ್ಡುಗಳಿಗೆ ಡೆಬಿಯನ್ ಆಧಾರದ ಇಮೇಜುಗಳನ್ನು ಸಿದ್ಧಪಡಿಸಿ ಕೊಡುವ ‘ಆರ್ಮ್‌ಬಿಯನ್’ ಎಂಬ ಯೋಜನೆಯಿಂದ ಹೊಸ ಇಮೇಜನ್ನು ಇಳಿಸಿಕೊಂಡು ಒತ್ತಿದೆವು. ಐದೂ ಎದ್ದವು. ಪರದೆಯೂ ಬೆಳಗಿತು. ಅಂದೇ ದಾನಿಗಳಿಗೆ ಎರಡನೆಯ ಪತ್ರವನ್ನು ಬರೆದು ಕ್ಷಮೆ ಕೇಳಿದೆ.

ಅವರು ಮರುಪತ್ರದಲ್ಲಿ ಕ್ಷಮೆಯ ಮಾತನ್ನು ಬದಿಗಿಟ್ಟು, ಕೊಳ್ಳುವ ಮೊದಲು ತಾವು ಏನನ್ನು ನೋಡಬೇಕಿತ್ತು, ಮುಂದೆ ಏನನ್ನು ನೋಡಬೇಕು ಎಂದು ಕೇಳಿದ್ದರು. ಈ ಲೇಖನ ಬಹುಮಟ್ಟಿಗೆ ಅದಕ್ಕೆ ಕೊಟ್ಟ ಉತ್ತರವೇ. ಬೋರ್ಡಿನ ವೇಗ, ಸ್ಮೃತಿ, ಬೆಲೆಗಳನ್ನು ನೋಡುವ ಮುನ್ನ ಅದರ ಸಾಧನವೃಕ್ಷ ಲಿನಕ್ಸಿನ ಮುಖ್ಯ ಭಂಡಾರದಲ್ಲಿದೆಯೇ ಎಂದು ವಿಚಾರಿಸಬೇಕು. ಇದು ದಾನಿಗಳಿಗೆ ದೂರದ ಮಾತೆನಿಸಿದರೆ, ಆ ಮಾದರಿಗೆ ಸಿಗುವ ಇಮೇಜಿನಲ್ಲಿರುವ ಕರ್ನೆಲ್ ಯಾವ ವರ್ಷದ್ದೆಂದು ಬಲ್ಲವರೊಬ್ಬರನ್ನು ಕೇಳಿದರೂ ಸಾಕು. ಮೊದಲ ಪೈ ಹನ್ನೊಂದು ವರ್ಷಗಳ ನಂತರದ ಆವೃತ್ತಿಯನ್ನೂ ನಡೆಸಿತು. ನಮ್ಮ ಬೋರ್ಡು ಕೊಂಡ ದಿನವೇ ನಾಲ್ಕು ವರ್ಷ ಹಿಂದಿತ್ತು. ಕೊಡುವುದೆಲ್ಲ ಒಂದೇ ಮಾದರಿಯದಾಗಿದ್ದರೆ ಒಂದು ಕಾರ್ಡನ್ನು ಸಿದ್ಧಪಡಿಸಿ ಉಳಿದವಕ್ಕೆ ಪಡಿಯಚ್ಚು ತೆಗೆಯಬಹುದು. ಐದು ಬಗೆಯವಾದರೆ ಐದು ಪಟ್ಟು ದುಡಿಮೆ. ಒಳ್ಳೆಯ ಅಡಾಪ್ಟರು, ಪ್ರತಿ ಬೋರ್ಡಿಗೆ ಎರಡು ಕಾರ್ಡು, ಒಂದು ಸರಣಿ ಕೇಬಲು, ಇವುಗಳ ವೆಚ್ಚವನ್ನು ದಾನದ ಮೊತ್ತದಲ್ಲಿಯೇ ಸೇರಿಸಬೇಕು. ಹತ್ತು ಬೋರ್ಡು ಕೊಟ್ಟು ಅಡಾಪ್ಟರನ್ನು ಶಾಲೆಯೇ ನೋಡಿಕೊಳ್ಳಲಿ ಎನ್ನುವುದಕ್ಕಿಂತ ಆರು ಬೋರ್ಡನ್ನು ಸಲಕರಣೆಸಹಿತ ಕೊಡುವುದು ಉತ್ತಮವೆಂದು ನನ್ನ ಅಭಿಪ್ರಾಯ.

ಉಪಾಧ್ಯಾಯರ ಗಮನಕ್ಕೆ ಎರಡು ಮಾತು. ಸರಿಯಾಗಿ ಆರಿಸದೆ ವಿದ್ಯುತ್ತನ್ನು ಕಿತ್ತರೆ ಕಾರ್ಡು ಕೆಡುವ ಸಂಭವವುಂಟು. ವಿದ್ಯುತ್ತು ಹೇಳದೆ ಕೇಳದೆ ಹೋಗುವ ನಮ್ಮ ಕಡೆ, ಕಾರ್ಡಿನ ಮೇಲೆ ಏನನ್ನೂ ಬರೆಯದಂತೆ ಮಾಡಿ ಬದಲಾವಣೆಗಳನ್ನೆಲ್ಲ ತಾತ್ಕಾಲಿಕ ಸ್ಮೃತಿಯಲ್ಲಿ ಇಟ್ಟುಕೊಳ್ಳುವ ಏರ್ಪಾಡನ್ನು ಪೈಯ ಸಂಯೋಜನಾ ಪಟ್ಟಿಯಿಂದ ಆಯ್ದುಕೊಳ್ಳಬಹುದು. ಮಕ್ಕಳ ಕೆಲಸವನ್ನು ಮಾತ್ರ ಬೇರೊಂದು ಪೆನ್‌ಡ್ರೈವಿನಲ್ಲಿ ಉಳಿಸಬೇಕು. ಇನ್ನೊಂದು, ಕನ್ನಡದ್ದು. ‘ಗುಬ್ಬಿ’, ‘ನವಿಲು’ ಎಂಬ ಹೆಸರಿನ ಕನ್ನಡ ಅಕ್ಷರವಿನ್ಯಾಸಗಳು ಡೆಬಿಯನ್ ಭಂಡಾರದಲ್ಲಿಯೇ ಇವೆ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಯೂ ‘ಐಬಸ್’ ಎಂಬ ಏರ್ಪಾಡಿನ ಮೂಲಕ ದೊರೆಯುತ್ತದೆ. ಅಂತರಜಾಲವಿಲ್ಲದ ಕಡೆ ಕನ್ನಡ ವಿಕಿಪೀಡಿಯವನ್ನು ಕಾರ್ಡಿನಲ್ಲಿ ತುಂಬಿಸಿಟ್ಟು ‘ಕಿವಿಕ್ಸ್’ ತಂತ್ರಾಂಶದಿಂದ ತರಗತಿಗೆಲ್ಲ ಓದಿಸಬಹುದು. ನಮ್ಮ ಬೋರ್ಡುಗಳಲ್ಲಿ ಒಂದು ಈ ಕೆಲಸವನ್ನೇ ಮಾಡುತ್ತಿದೆ.

ಐದರಲ್ಲಿ ಮೂರು ಈಗಲೂ ನಡೆಯುತ್ತಿವೆ. ಒಂದರ ಸರಣಿ ಕಡ್ಡಿಗೆ ಹುಡುಗನೊಬ್ಬ ಐದು ವೋಲ್ಟು ಕೊಟ್ಟು ಸುಟ್ಟ. ಅವನಿಗೆ ಮೊದಲೇ ತಿಳಿಸಿರದ ತಪ್ಪು ನನ್ನದು. ಇನ್ನೊಂದರ ಕಾರ್ಡಿನ ಖಾನೆ ಮುರಿದಿದೆ. ಉಳಿದವುಗಳ ಡಬ್ಬಿಯ ಒಳಮುಚ್ಚಳದಲ್ಲಿ ಬೋರ್ಡಿನ ಮಾದರಿ, ಇಮೇಜಿನ ದಿನಾಂಕ, ಕರ್ನೆಲ್ಲಿನ ಆವೃತ್ತಿ, ಅಳವಡಿಸಿದವರ ಹೆಸರು ಇಷ್ಟನ್ನೂ ಬರೆದ ಚೀಟಿಯನ್ನು ಅಂಟಿಸಿದ್ದೇವೆ. ಗುಪ್ತಪದವನ್ನು ಮಾತ್ರ ಅಲ್ಲಿ ಬರೆದಿಲ್ಲ. ಅದು ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನಲ್ಲಿ, ದಾನಿಗಳ ಮರುಪತ್ರದ ಜೊತೆಯಲ್ಲಿದೆ.